ಚಿರೋಟಿಯ ಬಿಳಿ ಕೂದಲು

ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಅದನ್ನು ಒದ್ದೆ ಮಾಡಿಕೊಂಡು ಇಶಾ ಸೋಫಾವನ್ನು ಒಂದೇ ದಿಕ್ಕಿಗೆ ಉಜ್ಜುತ್ತಿದ್ದಳು. ಹಾಗೆ ಉಜ್ಜಿದರೆ ಬಟ್ಟೆಗೆ ಅಂಟಿದ ಕೂದಲೆಲ್ಲ ಸುರುಳಿ ಸುತ್ತಿಕೊಂಡು ಮೇಲೆದ್ದು ಬರುತ್ತಿತ್ತು. ಸೋಫಾ ಕಡುನೀಲಿ, ಕೂದಲು ಹಾಲಿನಂಥ ಬಿಳಿ. ಈ ತುದಿ ಮುಗಿಸಿ ಆ ತುದಿಗೆ ತಿರುಗುವಷ್ಟರಲ್ಲಿ ಚಿರೋಟಿ ಬಂದು ಸೋಫಾಕ್ಕೆ ಮೈ ತಿಕ್ಕಿಕೊಂಡು ನಿಂತಿತು.

"ಚಿರೋಟಿ, ಪ್ಲೀಸ್," ಎಂದಳು ಇಶಾ. ಅದು ಬಾಲ ಅಲ್ಲಾಡಿಸಿತು. ಬಾಲದಿಂದಲೂ ಕೂದಲು ಉದುರಿತು.

ಚಿರೋಟಿಯನ್ನು ಅವರು ಅನಾಥ ನಾಯಿಗಳ ಶೆಲ್ಟರ್‌ನಿಂದ ತಂದಿದ್ದರು. ಮುಟ್ಟಿದರೆ ಸಾಕು ಉದುರುತ್ತೆ, ಥೇಟ್ ಚಿರೋಟಿ ಥರ ಎಂದು ಅಪ್ಪ ಆ ಹೆಸರಿಟ್ಟಿದ್ದರು. ಯೂಲೆಸ್ ಎಂಬ ಊರಿನ ಆ ಪುಟ್ಟ ಮನೆಯಲ್ಲಿ ಅದರ ಕೂದಲು ಹೋಗದ ಜಾಗವೇ ಇರಲಿಲ್ಲ. ಕಾರ್ಪೆಟ್ಟಿನಲ್ಲಿ, ಕಾರಿನ ಸೀಟಿನಲ್ಲಿ, ಅಮ್ಮನ ಆಫೀಸಿನ ಪ್ಯಾಂಟಿನ ಮೇಲೆ, ಒಮ್ಮೆ ಚಪಾತಿ ಹಿಟ್ಟಿನಲ್ಲಿ ಕೂಡ. ಆಗೆಲ್ಲ ಮನೆಮಂದಿ ನಗುತ್ತಿದ್ದರು.

ಈಗ ಯಾರೂ ನಗುತ್ತಿರಲಿಲ್ಲ. ಒಂದನೇ ಕ್ಲಾಸಿನಲ್ಲಿದ್ದ ತಮ್ಮ ನಿಶ್ಚಲ್‌ಗೆ ಕೆಮ್ಮು ಹತ್ತಿಕೊಂಡಿತ್ತು. ಉಸಿರೆಳೆದರೆ ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದಂತೆ ಸದ್ದು. ಟೆಸ್ಟ್ ಮಾಡಿದ ಡಾಕ್ಟರ್, ನಾಯಿಯಿಂದ ಅಲರ್ಜಿ ಆಗಿದೆ ಎಂದು ಇನ್ಹೇಲರ್ ಕೊಟ್ಟರು. ನಾಯಿಯನ್ನು ಮಲಗುವ ಕೋಣೆಗೆ ಬಿಡಬೇಡಿ, ಮನೆ ಆದಷ್ಟು ಕ್ಲೀನಾಗಿಡಿ, ಆಮೇಲೂ ಕಡಿಮೆಯಾಗದಿದ್ದರೆ ನಾಯಿಗೆ ಬೇರೆ ಮನೆ ನೋಡಬೇಕಾಗುತ್ತದೆ ಎಂದರು.

ಕೊನೆಯ ಮಾತು ಇಶಾಳ ಕಿವಿಯಲ್ಲೇ ಕೂತುಬಿಟ್ಟಿತು. ಕೂದಲೇ ಇಲ್ಲದಂತೆ ಮಾಡಿದರಾಯಿತಲ್ಲ! ಸ್ಕೂಲಿನಿಂದ ಬಂದವಳೇ ಬ್ಯಾಗ್ ಎಸೆದು ವ್ಯಾಕ್ಯೂಮ್ ಹಿಡಿಯುತ್ತಿದ್ದಳು. ಚಿರೋಟಿಯನ್ನು ಬ್ಯಾಕ್‌ಯಾರ್ಡಿಗೆ ಕರೆದೊಯ್ದು ಬ್ರಶ್ ಮಾಡುತ್ತಿದ್ದಳು. ಕುಶನ್ ಕವರುಗಳನ್ನು ಬಿಸಿನೀರಿಗೆ ಹಾಕಿಸುತ್ತಿದ್ದಳು. ಹತ್ತಿರದ ಸೌತ್‌ಲೇಕ್‌ನಲ್ಲಿ ಗೆಳತಿ ಸುಮೇಧಾಳ ಬರ್ತ್‌ಡೇ ಪಾರ್ಟಿ ಇತ್ತು. ಅದಕ್ಕೂ ಹೋಗಲಿಲ್ಲ, ಅವತ್ತು ಕಾರ್ಪೆಟ್ ತೊಳೆಯುವುದಿತ್ತು.

ಅವಳ ಕಷ್ಟ ಫಲಿಸಿದಂತೆಯೂ ಕಂಡಿತು. ಅಮ್ಮ ದಿನಾ ಕೇಳುತ್ತಿದ್ದರು, ದಿನಾ ನಿಶ್ಚಲ್ "ಐ ಆಮ್ ಫೈನ್" ಎನ್ನುತ್ತಿದ್ದ. ಕೆಮ್ಮು ಕೇಳಿಸುತ್ತಲೇ ಇರಲಿಲ್ಲ.

ಸೋಫಾ ಉಜ್ಜಿ ಮುಗಿಸಿದ ಇಶಾ, ವ್ಯಾಕ್ಯೂಮಿನ ಡಬ್ಬಿ ಖಾಲಿ ಮಾಡಲು ಗರಾಜಿಗೆ ಹೋದಳು. ಅಪ್ಪನ ಕಾರಿನ ಹಿಂದೆ ಏನೋ ಸದ್ದು. ಬಗ್ಗಿ ನೋಡಿದರೆ ನಿಶ್ಚಲ್. ನೆಲದ ಮೇಲೆ ಮುದುರಿ ಕೂತು, ಜಾಕೆಟ್ಟಿನ ತೋಳನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದ. ಕಣ್ಣಲ್ಲಿ ನೀರು. ಒಂದೊಂದು ಉಸಿರಿಗೂ ಅವನ ಭುಜ ಮೇಲೇಳುತ್ತಿತ್ತು, ಕತ್ತಿನ ಕೆಳಗಿನ ಗುಳಿ ಒಳಕ್ಕೆ ಹೋಗುತ್ತಿತ್ತು.

ಕೆಮ್ಮು ಬಂದಾಗಲೆಲ್ಲ ಅವನು ಇಲ್ಲಿಗೇ ಬರುತ್ತಿದ್ದನಂತೆ.

"ಅಮ್ಮಂಗೆ ಹೇಳ್ಬೇಡ ಅಕ್ಕ," ಎಂದ, ಉಸಿರು ಸಿಕ್ಕಿದಷ್ಟರಲ್ಲಿ. "ಚಿರೋಟಿನ ಕಳಿಸ್ಬಿಡ್ತಾರೆ. ಪ್ರಾಮಿಸ್, ಇನ್ಮೇಲೆ ನಾನು ಕೆಮ್ಮಲ್ಲ."

ಇಶಾ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಹೇಳದಿದ್ದರೆ ಚಿರೋಟಿ ಉಳಿಯುತ್ತದೆ. ಇನ್ನೊಂದು ಸಲ ಸರಿಯಾಗಿ ಕ್ಲೀನ್ ಮಾಡಿದರೆ, ದಿನಕ್ಕೆರಡು ಸಲ ಮಾಡಿದರೆ... ಅಷ್ಟರಲ್ಲಿ ಅವನಿಗೆ ಮತ್ತೆ ಕೆಮ್ಮು ಬಂತು. ಅದನ್ನೂ ಅವನು ತೋಳಿನಲ್ಲಿ ಅದುಮಿಕೊಂಡ.

ಅವಳು ಡಬ್ಬಿ ಕೆಳಗಿಟ್ಟು ಒಳಗೆ ಓಡಿದಳು. "ಅಮ್ಮಾ, ಇನ್ಹೇಲರ್ ತಗೊಂಡು ಬಾ. ಬೇಗ."

ಮರುದಿನ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಹೇಳಿದರು. ತೊಂದರೆ ಕೊಡುವುದು ಬರೀ ಕೂದಲಲ್ಲ. ನಾಯಿಯ ಚರ್ಮದಿಂದ ಉದುರುವ ಹೊಟ್ಟು, ಒಣಗಿದ ಜೊಲ್ಲು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಗಾಳಿಯಲ್ಲಿ ತೇಲುತ್ತವೆ. ಎಷ್ಟು ಗುಡಿಸಿದರೂ ಪೂರ್ತಿ ಹೋಗುವುದಿಲ್ಲ. ಇನ್ನು ನಾಯಿಗೆ ಬೇರೆ ಮನೆ ನೋಡಲೇಬೇಕು.

"ಹಾಗಾದ್ರೆ ನಾನು ಮಾಡಿದ್ದೆಲ್ಲ?" ಎಂದು ಇಶಾ ಕೇಳಿದಳು. ಅಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಅವತ್ತಿನಿಂದ ನಿಶ್ಚಲ್ ಅಕ್ಕನ ಜೊತೆ ಮಾತು ಬಿಟ್ಟ. ಅಮ್ಮನ ಜೊತೆ ಮಾತಾಡುತ್ತಿದ್ದ, ಅಪ್ಪನ ಜೊತೆಗೂ. ಅವಳು ಕರೆದರೆ ಮಾತ್ರ ಮುಖ ತಿರುಗಿಸಿಬಿಡುತ್ತಿದ್ದ.

ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನಲ್ಲಿ ಅಪ್ಪನ ಹಳೆಯ ಪರಿಚಯದ ರಾಜಲಕ್ಷ್ಮಿ ಆಂಟಿ ಇದ್ದರು. ಅವರೂ ಅಂಕಲ್ಲೂ ಡಾಕ್ಟರಾಗಿದ್ದು ಈಗ ರಿಟೈರ್ ಆಗಿದ್ದರು. ವಿಷಯ ತಿಳಿದು, ಚಿರೋಟಿಯನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಅವರೇ ಫೋನ್ ಮಾಡಿದರು. ಶನಿವಾರ ಎಲ್ಲರೂ ಹೊರಟರು. ದಾರಿಯುದ್ದಕ್ಕೂ ನಿಶ್ಚಲ್‌ಗೆ ಮಾಸ್ಕ್, ಕಿಟಕಿ ಅರ್ಧ ತೆರೆದಿತ್ತು. ಹಿಂದುಗಡೆ ಚಿರೋಟಿ ಪಿಕ್ನಿಕ್ಕಿಗೆ ಹೊರಟ ಹಾಗೆ ಖುಷಿಯಾಗಿತ್ತು.

ಆಂಟಿ ನೆಲದ ಮೇಲೇ ಕೂತು ಅದನ್ನು ಕರೆದರು. ಇಶಾ ಅವರ ಕೈಗೆ ಬ್ರಶ್ ಕೊಟ್ಟು, ಹೊಟ್ಟೆಯ ಹತ್ತಿರ ಮೆಲ್ಲಗೆ ಬಾಚಬೇಕು, ಇಲ್ಲದಿದ್ದರೆ ಅದಕ್ಕೆ ಕಚಗುಳಿ ಆಗುತ್ತದೆ ಎಂದಳು. ಚಿರೋಟಿ ಆಂಟಿಯ ತೊಡೆಯ ಮೇಲೆ ತಲೆ ಇಟ್ಟಿತು. ಅವರ ಕಪ್ಪು ಸೀರೆ ತುಂಬ ಬಿಳಿ ಕೂದಲಾಯಿತು. ಅವರು ಕೊಡವಿಕೊಳ್ಳಲಿಲ್ಲ.

ಕಾರು ಹೊರಟಾಗ ಚಿರೋಟಿ ಆಂಟಿಯ ಮನೆಯ ಕಿಟಕಿ ಗಾಜಿಗೆ ಮೂಗು ಒತ್ತಿ ನಿಂತಿತ್ತು. ಇಷ್ಟರಲ್ಲೇ ವಾಪಸ್ ಬರುತ್ತಾರೆ ಅನ್ನುವ ಹಾಗೆ ಅದರ ಬಾಲ ಆಡುತ್ತಲೇ ಇತ್ತು.

ಅರ್ಧ ದಾರಿಯಲ್ಲಿ ಅಪ್ಪ ಪೆಟ್ರೋಲ್ ಹಾಕಿಸಲು ನಿಲ್ಲಿಸಿದರು. ಅಮ್ಮ ಕಾಫಿ ತರಲು ಹೋದರು. ಕಾರಿನೊಳಗೆ ಇಬ್ಬರೇ.

"ಅಕ್ಕ," ಎಂದ ನಿಶ್ಚಲ್, ಹೊರಗೆ ನೋಡುತ್ತಲೇ. "ಅವ್ನು ನಮಗೋಸ್ಕರ ಕಾಯ್ತಾನಾ?"

ಇಲ್ಲ ಅನ್ನಬೇಕೆಂದುಕೊಂಡಳು ಇಶಾ. ಆಗಲಿಲ್ಲ. "ಸ್ವಲ್ಪ ದಿನ ಕಾಯ್ತಾನೆ ಅನ್ಸತ್ತೆ ಕಣೋ."

"ಆಮೇಲೆ?"

"ಆಮೇಲೆ ಆಂಟಿ ಹತ್ರ ಹೋಗಿ ಮಲ್ಕೋತಾನೆ."

ಅವನು ಈ ಕಡೆ ತಿರುಗಿದ. ಸೀಟ್‌ಬೆಲ್ಟ್ ಬಿಚ್ಚಿಕೊಂಡು ಅವಳ ಕಡೆಗೆ ಸರಿದು, ಅವಳ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತ. ಇಷ್ಟು ದಿನ ಯಾರ ಎದುರೂ ಅಳದವನು ಬಿಕ್ಕಿ ಬಿಕ್ಕಿ ಅತ್ತ.

ಡಾಕ್ಟರ್ ಮೇಲಲ್ಲ, ಅಮ್ಮ ಅಪ್ಪನ ಮೇಲಲ್ಲ, ತನ್ನೊಬ್ಬಳ ಮೇಲೇ ಇವನಿಗೆ ಯಾಕೆ ಕೋಪ ಎಂದು ಇಶಾ ದಿನಾ ಯೋಚಿಸಿದ್ದಳು. ಈಗ ಅವನ ಬಿಸಿ ಮುಖ ಹೆಗಲಿಗೆ ತಾಗಿದಾಗ ಅದು ತಾನಾಗಿಯೇ ತಿಳಿಯಿತು. ಎಷ್ಟೇ ಕೋಪ ಮಾಡಿಕೊಂಡರೂ ಅಕ್ಕ ಎಲ್ಲಿಗೂ ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅಮ್ಮ ಕಾಫಿ ಹಿಡಿದು ಬರುವುದು ಕಾಣಿಸಿತು. ಇಶಾ ಹೆಗಲು ಅಲುಗಿಸದೆ ಹಾಗೇ ಕೂತಳು.