ಇಪ್ಪತ್ತೊಂದನೇ ಮಹಡಿಯಿಂದ ಗುಡಗೇರಿಗೆ ಒಂದು ಫೋನು

"ಮಹಾಲಕ್ಷ್ಮೀ! ಈ ಕಡಿಯಿಂದ ಬರಬ್ಯಾಡ... ಹಿಂದಿನ ಬಾಗಿಲಕ್ಕ ಹೋಗು!"

ಬೆಂಗಳೂರಿನ ಎಂ.ಜಿ. ರಸ್ತೆಯ ಇಪ್ಪತ್ತೊಂದು ಮಹಡಿಯ ಹೋಟೆಲು. ಕೋಣೆ ಸ್ವಚ್ಛ ಮಾಡುವ ಕೆಲಸಕ್ಕೆ ಅಂದೇ ಸೇರಲು ಬಂದವಳು ಗಾಜಿನ ಬಾಗಿಲಲ್ಲೇ ಕಲ್ಲಾದಳು. ರಿಸೆಪ್ಷನ್ನಿನಲ್ಲಿ ಕೋಟು ತೊಟ್ಟು ನಿಂತವನು ಹೇಮಂತ! ಗುಡಗೇರಿಯ ಮಡಿವಾಳೆಪ್ಪಗೌಡರ ಮಗ. ಕುಂದಗೋಳದ ಕಾಲೇಜಿನಲ್ಲಿ ಮೂರು ವರ್ಷ ಅವಳು ಮನಸ್ಸಿನಲ್ಲೇ ಪ್ರೀತಿಸಿದ್ದ ಹೇಮಂತ...

ಅವಳಪ್ಪ ಗುಡದಪ್ಪ ನಲವತ್ತು ವರ್ಷ ಆ ಗೌಡರ ಹೊಲದಲ್ಲಿ ದುಡಿದವನು. ಗುಟುಕು ಮಜ್ಜಿಗೆಗೂ ಹಿತ್ತಲಲ್ಲೇ ನಿಂತು ಬೊಗಸೆಯೊಡ್ಡಿದವನು.

'ಕೋಟು ಹಾಕಿದ್ರೂ ಗೌಡ ಗೌಡನ!' ಅವಳ ಕಣ್ಣು ಉರಿಯಿತು.

ಮರುದಿನ ಹಿಂದಿನ ಗೇಟಿನಲ್ಲಿ ತಪಾಸಣೆಗೆ ನಿಂತ ಕೆಲಸದವರ ಸಾಲು. ಮುಂದೆ ಚೀಲ ಬಿಚ್ಚಿ ನಿಂತವನು ಅದೇ ಹೇಮಂತ!

"ಇವತ್ತೂ ಶೇಂಗಾ ಚಟ್ನಿನ ಏನ್ ಹೇಮಂತಣ್ಣಾ?" ಕಾವಲಿನ ಗೌಸ್ ಡಬ್ಬಿ ಮೂಸಿ ನಕ್ಕ.

ಹೇಮಂತ ಅವಳತ್ತ ತಿರುಗಿದ. "ಕೆಲಸದವರೆಲ್ಲಾ ಇಲ್ಲಿಂದನ ಬರಬೇಕು. ರೂಲು. ನೀ ತಪ್ಪು ತಿಳದಿ..."

"ನಿನಗ ಇದು ರೂಲು. ನಮ್ಮಪ್ಪಗ ಇದು ಹುಟ್ಟು!"

ಅವನ ತಲೆ ತಗ್ಗಿತು. "ಖರೆ... ಆದ್ರ ಕಾಲೇಜಿನಿಂದನೂ ನನ್ನ ಮನಸ್ಸಿನ್ಯಾಗ ನೀನ ಇದ್ದಿ."

ಎದೆ ಝಲ್ಲೆಂದಿತು! ಆದರೂ ಅವಳು ಬಾಗಲಿಲ್ಲ. "ಬೆಂಗಳೂರಾಗ ಯಾರರೆ ಹೇಳ್ತಾರ. ಗುಡಗೇರಿಗೆ ಕೇಳೂ ಹಂಗ ಹೇಳು."

ಆಮೇಲೆ ಎರಡು ತಿಂಗಳು ಫೋನಿನ ಮಾತಷ್ಟೇ. "ಹದಿನೇಳನೇ ಮಹಡಿ ರೂಮು ತಯಾರೈತೇನ್ರಿ?" "ಐತ್ರಿ." ಅವನು ಇಟ್ಟ ಮೇಲೂ ಅವಳು ರಿಸೀವರನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ... ಹಾಸಿಗೆಯ ಬಿಳಿ ಚಾದರ ಎಳೆದು ಕಟ್ಟುವಾಗ, ಕಿಟಕಿ ಒರೆಸುವಾಗ, ಅದೇ ದನಿ.

"ಇನ್ನೂ ಎಷ್ಟ ಒರಸ್ತೀಬೇ? ಗಾಜು ಸವದೀತು!" ಜೊತೆಗಾತಿ ರುಬಿಯಾ ಕಾಡುತ್ತಿದ್ದಳು.

ಒಂದು ಮಧ್ಯಾಹ್ನ ಹೇಮಂತ ಅವಳನ್ನು ಮೇಲ್ಮಹಡಿಗೆ ಕರೆದ. ಫೋನಿನ ಸ್ಪೀಕರ್ ಹಾಕಿ ತಾಯಿಗೆ ಕರೆ ಮಾಡಿದ.

"ಅವ್ವಾ, ನಾ ಮಹಾಲಕ್ಷ್ಮಿನ್ನ ಲಗ್ನ ಆಗಾಂವ. ನಮ್ಮ ಗುಡದಪ್ಪನ ಮಗಳು."

ಅತ್ತ ಸುಶೀಲವ್ವ ದನಿ ತಗ್ಗಿಸಿದಳು. "ಸಾವಕಾಶ ಮಾತಾಡೋ, ಹುಚ್ಚಾ! ನಿಮ್ಮಪ್ಪ ಬಾಜುಕ ಕುಂತಾರ..."

ಮಹಾಲಕ್ಷ್ಮಿ ಕಣ್ಣು ಮುಚ್ಚಿದಳು. 'ಈಗ ಇಡತಾನ...'

"ಹಂಗಾರ ಅವರ ಕೈಯಾಗ ಕೊಡವ್ವಾ."

ಅವನು ಅದೇ ಮಾತನ್ನು ಅಪ್ಪನಿಗೂ ಹೇಳಿದ, ಒಂದಕ್ಷರವೂ ಬಿಡದೆ. ಬೈಗುಳ ಸುರಿದವು. ಫೋನು ಕಟ್ಟಾಯಿತು.

ಹೇಮಂತ ಫೋನನ್ನು ಕಿಸೆಗೆ ಹಾಕಿದ. ಮಹಾಲಕ್ಷ್ಮಿ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದಳು.

"ಅಂಜಿಕಿ ಬಂತೇನ?"

"ಅಗದಿ ಬಂತು."

"ನನಗೂ..." ಎಂದಳು, ಕೈ ಬಿಡದೆ.