ತಾಳೆ ನೋಡುವವನು

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ, ಹೊರಗೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಗ್ರೂಪಲ್ಲಿ ‘ಆಮೆ’ ಅಂದ್ರೆ ನೀವೇನಾ?”

ಬಾಗಿಲು ತೆರೆದ ಲಿಫ್ಟ್ ರಿಪೇರಿಯವನ ಕಿವಿ ಕೆಂಪಾಯಿತು. ಅವನ ಕಂಪ್ಯೂಟರ್ ನಿಧಾನವೆಂದು ಬಿದ್ದ ಹೆಸರು ಅದು. ಮೂಲೆಯಂಗಡಿಯಲ್ಲಿ ಕನ್ನಡಕ ಮಾರುವ ಈಕೆಯೇ ಗ್ರೂಪಿನ ‘ಗುಬ್ಬಿ’ ಎಂಬುದು ಅವನಿಗೆ ಮೂರು ವರ್ಷದಿಂದ ಗೊತ್ತು. ಕಣ್ಣು ಚೆನ್ನಾಗಿದ್ದರೂ ಎರಡು ಸಲ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ ಮಹಾಶಯ. ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಗ್ರೂಪಿನವರ ಹುಚ್ಚು ಒಂದೇ: ಒಂದು ಮತ್ತು ತನ್ನನ್ನು ಬಿಟ್ಟರೆ ಇನ್ಯಾವುದರಿಂದಲೂ ಭಾಗವಾಗದ, ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಯೊಂದನ್ನು ಹುಡುಕುವುದು. ಒಂದೊಂದಕ್ಕೂ ಕಂಪ್ಯೂಟರ್ ವಾರಗಟ್ಟಲೆ ಓಡಬೇಕು. ಕೊನೆಗೆ ಬರುವ ಉತ್ತರ ಯಾವಾಗಲೂ ‘ಅಲ್ಲ’. ಅದು ನಿಜವೇ ಎಂದು ಬೇರೆ ಮನೆಯವರೊಬ್ಬರು ಮತ್ತೆ ಓಡಿಸಿ ತಾಳೆ ನೋಡಬೇಕು. ಬೇರೆ ಮನೆಯೇ ಆಗಬೇಕು, ನಿಯಮ ಕಟ್ಟುನಿಟ್ಟು. ಮೊನ್ನೆ ಮೊದಲ ಸಲ ಇವರಿಬ್ಬರ ಲೆಕ್ಕದ ಕೊನೆಗೆ ಉಳಿದ ಅಂಕಿ ತಾಳೆಯಾಗಿರಲಿಲ್ಲ.

“ಮೂರು ವರ್ಷದಿಂದ ನನ್ನ ಲೆಕ್ಕನೆಲ್ಲ ನೀವೇ ನೋಡ್ತಿದ್ದೀರ. ನನ್ನ ಮೇಲೆ ಅಷ್ಟು ಅನುಮಾನಾನಾ?”

“ಅಯ್ಯೋ, ಹಾಗಲ್ಲ ರೀ.”

“ತಪ್ಪು ಯಾರದ್ದು ಅಂತ ಇವತ್ತೇ ತೀರ್ಮಾನ ಆಗ್ಲಿ. ಎಲ್ಲಿ ನಿಮ್ಮ ಮಿಷನ್ನು?”

ಅಡುಗೆಮನೆಯ ಮೇಜಿನ ಮೇಲೆ ಒಂದೇ ಒಂದು ತಟ್ಟೆ. ಅದರ ಎದುರಿಗೆ, ಇನ್ನೊಬ್ಬರು ಕೂರಬೇಕಾದ ಜಾಗದಲ್ಲಿ, ಗುಂಯ್ ಎನ್ನುವ ಕಂಪ್ಯೂಟರ್. ಪಕ್ಕದಲ್ಲೇ ಒಲೆ, ಸೀಟಿ ಹಾಕುತ್ತಿರುವ ಕುಕ್ಕರ್.

ಅವಳು ಮುಟ್ಟಿ ನೋಡಿ ಕೈ ಹಿಂದೆಗೆದಳು. “ಕಾದು ಕೆಂಡ ಆಗಿದೆ! ಲೆಕ್ಕ ತಪ್ಪದೆ ಇನ್ನೇನಾಗುತ್ತೆ? ಇದನ್ನ ಒಲೆ ಪಕ್ಕ ಯಾರಾದ್ರೂ ಇಡ್ತಾರಾ?”

“ಅಮ್ಮ ಹೋದ್ಮೇಲೆ ಒಬ್ಬನೇ ಊಟಕ್ಕೆ ಕೂರೋದು ಕಷ್ಟ ಆಯ್ತು,” ಎಂದ ಅವನು. “ಎದುರಿಗೆ ಏನಾದ್ರೂ ಸದ್ದು ಮಾಡ್ತಿರ್ಲಿ ಅಂತ ಇಟ್ಕೊಂಡೆ.”

ಅವಳ ಸಿಟ್ಟು ಅಲ್ಲೇ ಇಳಿಯಿತು. ಆ ಒಂಟಿ ತಟ್ಟೆಯತ್ತ ನೋಡಿದಳು.

“ನನ್ನ ಮಿಷನ್ನಿಗೆ ನಾನೂ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳ್ತೀನಿ,” ಎಂದಳು ಮೆಲ್ಲಗೆ. “ನಮ್ಮನೇಲಿ ಇನ್ಯಾರಿದ್ದಾರೆ ಹೇಳೋಕೆ?”

ಇಬ್ಬರಿಗೂ ನಗು ಬಂತು. ಬಂದಷ್ಟೇ ಬೇಗ ನಿಂತಿತು. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳಲಾರೆ ಎನಿಸಿತು ಅವನಿಗೆ.

“ಅನುಮಾನ ಅಲ್ಲ. ಗ್ರೂಪಿನ ಪಟ್ಟೀಲಿ ನಿಮ್ಮ ಸಂಖ್ಯೆಗಳನ್ನೇ ಹುಡುಕಿ ಕೇಳಿ ತಗೊಳ್ತಿದ್ದೆ. ನೀವು ನಡೆದ ದಾರೀಲೇ ನಿಧಾನಕ್ಕೆ ಹಿಂದೆ ಬಂದ ಹಾಗಿರ್ತಿತ್ತು.”

ಅವಳು ಅಂಗಡಿಯಲ್ಲಿ ಅಳತೆ ತೆಗೆಯುವಾಗ ನೋಡುವಂತೆ ಅವನ ಎರಡೂ ಕಣ್ಣುಗಳನ್ನು ನೋಡಿದಳು.

“ಎರಡು ಸಲ ಬಂದಿದ್ರಲ್ಲ, ಅವತ್ತೇ ಹೇಳ್ಬಹುದಿತ್ತು.”

“ನೀವು ಆಗಲ್ಲ ಅಂದಿದ್ರೆ?”

“ವರ್ಷಗಟ್ಟಲೆ ‘ಅಲ್ಲ’ ಅನ್ನಿಸ್ಕೊಂಡೂ ಹುಡುಕೋ ಜನ ನಾವು. ಇದಕ್ಕೆ ಹೆದರೋದಾ? ನೆಟ್ಟಗಿರೋ ಕಣ್ಣು ತೋರಿಸೋಕೆ ಬಂದೋನು ಮತ್ತೆ ಬರ್ಲಿ ಅಂತ ನಾನೂ ಕಾದೆ. ಕೊನೆಗೆ ಅಂಗಡಿ ಪುಸ್ತಕದಲ್ಲಿ ನಿಮ್ಮ ವಿಳಾಸ ಹುಡುಕಿ, ಜಗಳದ ನೆಪ ಹಿಡ್ಕೊಂಡು ನಾನೇ ಬರ್ಬೇಕಾಯ್ತು.”

ಅವಳು ಕಂಪ್ಯೂಟರನ್ನು ಆರಿಸಿ, ಮಸಿಬಟ್ಟೆಯಲ್ಲಿ ಹಿಡಿದೆತ್ತಿ ದೂರದ ಕಿಟಕಿಯ ಬಳಿ ಇಟ್ಟಳು. ಅದು ಖಾಲಿ ಮಾಡಿದ ಜಾಗದಲ್ಲಿ ಕುರ್ಚಿ ಎಳೆದುಕೊಂಡು ತಾನೇ ಕೂತಳು.

“ಇನ್ಮೇಲೆ ನನ್ನ ಲೆಕ್ಕ ನೀವು ತಾಳೆ ನೋಡೋ ಹಾಗಿಲ್ಲ.”

ಒಲೆ ಆರಿಸಲು ಹೋದವನು ಗಕ್ಕನೆ ತಿರುಗಿದ. “ಯಾಕೆ?”

“ಬೇರೆ ಮನೆಯವರೇ ನೋಡ್ಬೇಕು ಅಂತ ನಿಯಮ ಇಲ್ವಾ?”

ಅರ್ಥವಾಗಲು ಆಮೆಗೆ ತುಸು ಹೊತ್ತು ಹಿಡಿಯಿತು. ಆಮೇಲೆ ಅವನು ಕಪಾಟಿನಿಂದ ಇನ್ನೊಂದು ತಟ್ಟೆ ತೆಗೆದು, ವರ್ಷಗಳ ಧೂಳನ್ನು ತೊಳೆಯತೊಡಗಿದ.