ಸೀಳಿದ ಬೋಗುಣಿಯ ತೂಕ

ಬುಧವಾರ ಸಂಜೆ ನೂಲಾ ಗೆರಟಿ ತನ್ನ ಕಾಗದದ ಚೀಲ ಬಿಚ್ಚಿದಾಗ ಒಳಗಿದ್ದ ಓಕ್ ಬೋಗುಣಿ ಅಂಚಿನಿಂದ ತಳದವರೆಗೆ ಸೀಳಿತ್ತು. ಹಳೆಯ ಡೇರಿ ಶೆಡ್ಡಿನಲ್ಲಿ ಸೇರಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದ್ದು ಲೋರ್ಕನ್‌ನನ್ನು.

ನೋಡದೆ ಏನು ಮಾಡುತ್ತಾರೆ? ಬೆಳಿಗ್ಗೆ ಬಂದು ಶೆಡ್ಡಿನ ಒಲೆ ಹಚ್ಚಿದವನು ಅವನೇ. ಹದಿನೈದಕ್ಕೆ ಶಾಲೆ ಬಿಟ್ಟು ಸಾಮಿಲ್ಲಿನಲ್ಲಿ ಬೆಳೆದವನು, ಬಾಯಿ ತೆರೆದರೆ ಜಗಳ. ಹೋದ ವಾರವಷ್ಟೇ "ಬಸ್ ಓಡ್ಸೋಳಿಗೆ ಮರ ಕಡೆಯೋ ಲೇತ್ ಯಾಕೆ?" ಎಂದು ನೂಲಾಳ ಮೇಲೆ ಕೂಗಾಡಿದ್ದ.

"ಒಲೆ ಮುಂದೆ ಇಟ್ಟು ಕಾಯಿಸಿದೀಯ," ಎಂದ ಫಿಂಟನ್ ಮಲ್ಕ್ವೀನ್. ಮರ ಕಡೆಯುವವರ ಈ ಕ್ಲಬ್ಬನ್ನು ಹುಟ್ಟಿಸಿದ ಮುದುಕ. "ಶೆಡ್ ಕೀಲಿ ಇಲ್ಲಿ ಕೊಡು ಮಗಾ. ನಾಳೆಯಿಂದ ಬರಬೇಡ."

ಲೋರ್ಕನ್ ಜೇಬಿನ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡ. ಅವನ ಬಾಡಿಗೆ ಕೋಣೆಯಲ್ಲಿ ಲೇತ್ ಇರಲಿ, ಕಾಲು ಚಾಚಲೂ ಜಾಗವಿರಲಿಲ್ಲ. ಈ ಶೆಡ್ಡು ಹೋದರೆ ಅವನ ಕೈಗೆ ಉಳಿ ಮತ್ತೆ ಸಿಗುವುದಿಲ್ಲ.

"ತಡಿ ಫಿಂಟನ್. ರೋಗ ನೋಡೋಕೆ ಮುಂಚೆನೇ ಹೂಳ್ತೀಯಲ್ಲ," ಎಂದು ಟೀ ಪಾತ್ರೆಯ ಹಿಂದಿನಿಂದ ಅಟ್ರಾಕ್ಟಾ ಎದ್ದು ಬಂದರು. ನಿವೃತ್ತ ಸೂಲಗಿತ್ತಿ ನರ್ಸು. ಕ್ಲಬ್ಬಿನಲ್ಲಿ ಏನು ಕಳೆದರೂ ಹುಡುಕಿಕೊಡುತ್ತಿದ್ದವರು ಅವರೇ. ಪ್ರತಿಸಲವೂ ಜೊತೆಗಿರುತ್ತಿದ್ದವನು ಲೋರ್ಕನ್. "ಲೋರ್ಕನ್, ತಕ್ಕಡಿ ತಾ."

ಬಿರುಗಾಳಿಗೆ ಉರುಳಿದ ಊರಿನ ಹಳೇ ಓಕ್ ಮರದಿಂದ ಎಲ್ಲರಿಗೂ ಒಂದೊಂದು ತುಂಡು ಸಿಕ್ಕಿತ್ತು. ಹಸಿ ಮರವನ್ನು ದಪ್ಪಗೆ ಕಡೆದು, ನಿಧಾನವಾಗಿ ಒಣಗಲೆಂದು, ಕಡೆದಾಗ ಉದುರಿದ ಅದರದೇ ಸಿಪ್ಪೆಯ ಜೊತೆ ಕಾಗದದ ಚೀಲದಲ್ಲಿ ತುಂಬಿ, ಅಟ್ಟಣಿಗೆಯಲ್ಲಿ ಸಾಲಾಗಿ ಇಟ್ಟಿದ್ದರು. ಬುಧವಾರಕ್ಕೊಮ್ಮೆ ಬೋಗುಣಿಯ ತೂಕ ನೋಡಿ ಚೀಲದ ಮೇಲೆ ಬರೆಯುವುದು ಪದ್ಧತಿ. ತೂಕ ಇಳಿಯುವುದು ನಿಂತರೆ ಮರ ಒಣಗಿತು, ಎರಡನೇ ಸಲ ತೆಳ್ಳಗೆ ಕಡೆಯಬಹುದು. ಮೊದಲು ಒಣಗಿದ್ದಕ್ಕೆ ಶನಿವಾರದ ಪ್ರದರ್ಶನದಲ್ಲಿ ಮುಂದಿನ ಮೇಜು. ನೂಲಾಳ ಚೀಲದ ಮೇಲೆ ಮೂರು ವಾರದಿಂದ ಒಂದೇ ಅಂಕಿ ಇತ್ತು: ಎಂಟುನೂರ ಅರವತ್ತು ಗ್ರಾಂ.

ಸೀಳಿದ ಬೋಗುಣಿ ತಕ್ಕಡಿಗೆ ಏರಿತು. ಸಾವಿರದ ಎಪ್ಪತ್ತು.

ಅಟ್ರಾಕ್ಟಾ ಅದನ್ನು ಮಗುಚಿ ಹಾಕಿ, ಮರವನ್ನು ಹಲ್ಲಿನಿಂದ ಕಚ್ಚಿ ತಿರುಗಿಸುವ ಲೇತಿನ ಚಕ್ಕು ಹಿಡಿಯಲೆಂದು ತಳದಲ್ಲಿ ಬಿಟ್ಟ ದುಂಡು ಪಾದಕ್ಕೆ ಉಣ್ಣೆಯ ದಾರ ಸುತ್ತಿ ಅಳತೆಗೆ ಗಂಟು ಹಾಕಿಕೊಂಡರು. ಆಮೇಲೆ ಕ್ಲಬ್ಬಿನ ಚಕ್ಕಿನ ಹತ್ತಿರ ಹೋಗಿ ದಾರ ಹಿಡಿದು ನೋಡಿದರು. ಫಿಂಟನ್ ಮನೆಯಿಂದ ತಂದಿಟ್ಟ, ಯಾರನ್ನೂ ಮುಟ್ಟಗೊಡದ ದೊಡ್ಡ ಚಕ್ಕಿನ ಹತ್ತಿರವೂ ಹೋದರು.

"ಎಲ್ಲರೂ ಕೂತ್ಕೊಳ್ಳಿ," ಎಂದರು. "ನೂಲಾ, ಇದು ನಿನ್ನದೇನಾ?"

"ನನ್ನ ಚೀಲದಲ್ಲಿತ್ತಲ್ಲಾ. ಒಂದೇ ಅಳತೆ, ಒಂದೇ ಮರ. ಎಲ್ಲಾ ಅಣ್ಣತಮ್ಮಂದಿರ ಥರ ಇದಾವೆ."

"ಕಾಯಿಸಿದ್ರೆ ಮರ ಹಗುರ ಆಗಬೇಕು. ಇದು ಇನ್ನೂರ ಹತ್ತು ಗ್ರಾಂ ಜಾಸ್ತಿ ಆಗಿದೆ. ಜ್ವರ ಬಂದ ಕೂಸು ತೂಕ ಏರಿಸಿಕೊಂಡಿದ್ದು ನಾನೆಲ್ಲೂ ಕಂಡಿಲ್ಲ. ಇದು ಬೇರೆ ಬೋಗುಣಿ. ಹೊರಗೆ ಬೆಂದು ಒಳಗೆ ಹಸಿ ಇದ್ದದ್ದಕ್ಕೇ ಸೀಳಿದೆ. ಹೋದ ಬುಧವಾರದ ಮೇಲೆ ಯಾರೋ ಬದಲಾಯಿಸಿದಾರೆ."

"ಲೋರ್ಕನ್ನೇ ಬದಲಾಯಿಸಿರಬಹುದು!" ಎಂದ ಫಿಂಟನ್.

"ಅವನು ಕಡೆಯೋದು ಕ್ಲಬ್ಬಿನ ಚಕ್ಕಲ್ಲಿ. ನೂಲಾನೂ ಅಷ್ಟೆ, ನೀನೊಬ್ಬ ಬಿಟ್ಟು ಮಿಕ್ಕವರೂ ಅಷ್ಟೆ. ಇಷ್ಟು ದೊಡ್ಡ ಪಾದ ಅದರ ಬಾಯಿಗೆ ಹಿಡಿಯೋದೇ ಇಲ್ಲ. ಲೋರ್ಕನ್, ಫಿಂಟನ್ ಚೀಲ ಇಳಿಸು."

ಲೋರ್ಕನ್ ಇಳಿಸಿದ. ಒಳಗಿನ ಬೋಗುಣಿ ಒಂದು ಬಿರುಕಿಲ್ಲದೆ ಹೊರಬಂತು. ತೂಕ ಎಂಟುನೂರ ಅರವತ್ತು.

"ಇನ್ನು ಅದನ್ನ ಫಿಂಟನ್ ಚಕ್ಕಿಗೆ ಹಾಕು."

ದೊಡ್ಡ ಚಕ್ಕಿನ ಹಲ್ಲುಗಳನ್ನು ಪೂರ್ತಿ ಬಿಗಿ ಮಾಡಿದರೂ ಪುಟ್ಟ ಪಾದ ಸಿಕ್ಕಲಿಲ್ಲ. ಬೋಗುಣಿ ಲೊಳಲೊಳ ಅಲ್ಲಾಡಿತು. ಲೋರ್ಕನ್ ಅದನ್ನು ಕ್ಲಬ್ಬಿನ ಚಕ್ಕಿಗೆ ಏರಿಸಿದ. ಗಪ್ಪನೆ ಕೂತಿತು.

ಫಿಂಟನ್ ಟೋಪಿ ತೆಗೆದು ಮಂಡಿಯ ಮೇಲೆ ಹಿಂಡಿದ.

"ಈ ಕ್ಲಬ್ಬಿಗೆ ಜನ ಬರಲಿ ಅಂತ ನಲವತ್ತು ಪೋಸ್ಟರ್ ಕೈಯಾರೆ ಅಂಟಿಸಿದೆ," ಎಂದ. "ಮೊದಲನೇ ಚಳಿಗಾಲ ಮೂರೇ ಜನ. ಇವಳು ಬಂದಳು, ಬಸ್ಸಲ್ಲಿ ಕೂತವರನ್ನೆಲ್ಲ ಎಳಕೊಂಡು ಬಂದಳು, ಇಪ್ಪತ್ತಾರಾಯ್ತು. ಈಗ ಅಂಗಡೀಲಿ ಕೇಳ್ತಾರೆ, ನೂಲಾ ಕ್ಲಬ್ಬು ಹೇಗಿದೆ ಅಂತ. ನೂಲಾ ಕ್ಲಬ್ಬಂತೆ! ಮುಂದಿನ ಮೇಜೂ ಅವಳದೇ ಅಂದಾಗ ತಡೆಯಲಾಗಲಿಲ್ಲ. ನನ್ನದನ್ನ ಬೇಗ ಒಣಗಲಿ ಅಂತ ಹೀಟರ್ ಮುಂದೆ ಇಟ್ಟೆ. ಸೀಳ್ತು. ಅದನ್ನ ಅವಳ ಚೀಲಕ್ಕೆ ಹಾಕಿ ಅವಳದನ್ನ ನಾನು ತಗೊಂಡೆ."

"ಒಲೆ ಹಚ್ಚೋನು ಹೇಗೂ ಇದ್ನಲ್ಲಾ, ತಲೆಗೆ ಕಟ್ಟೋಕೆ!" ಲೋರ್ಕನ್ ಚಕ್ಕು ಬಿಗಿ ಮಾಡುವ ಕೀಲಿಯನ್ನು ಬೆಂಚಿಗೆ ಕುಕ್ಕಿದ.

"ಫಿಂಟನ್‌ನ ಆಚೆ ಹಾಕಿ! ಕೈ ಎತ್ತಿ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಒಂದೆರಡು ಕೈ ಅರ್ಧ ಎದ್ದವು. ಎಲ್ಲರಿಗಿಂತ ಮೊದಲು ಎತ್ತಬೇಕಾದವನು ಲೋರ್ಕನ್. ಇದೇ ಮುದುಕ ಐದು ನಿಮಿಷದ ಹಿಂದೆ ಅವನ ಬದುಕನ್ನೇ ಬೀದಿಗೆ ಎಸೆದಿದ್ದ. ಕೈ ಏಳಲಿಲ್ಲ. ಅವನಿಗೆ ತನ್ನ ಮೇಲೇ ರೇಗಿತು.

"ಇರಿ," ಎಂದ, ಹಲ್ಲು ಕಚ್ಚಿ. "ಮೂರು ವಾರ ನೂಲಾ ಚೀಲದ ಮೇಲೆ ಆ ಅಂಕಿ ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿದಿದೆ. ಅವಳ ಬೋಗುಣಿ ಸೀಳ್ಲಿ ಅಂತ ನಾನೂ ಬೇಡ್ಕೊಂಡಿದೀನಿ. ಕೈ ಹಾಕಲಿಲ್ಲ, ಅಷ್ಟೇ. ಒಂದ್ಸಲಾನೂ ಹಂಗೆ ಅಂದ್ಕೊಳ್ದೇ ಇದ್ದೋರು ಮಾತ್ರ ಕೈ ಎತ್ತಿ."

ಅರ್ಧ ಎದ್ದ ಕೈಗಳು ಜೇಬು ಸೇರಿದವು. ಕೂಗಿದವನು ಬೂಟಿನ ದಾರ ಕಟ್ಟಿಕೊಳ್ಳತೊಡಗಿದ. ಅಟ್ರಾಕ್ಟಾ ಕೂಡ ಟೀ ಪಾತ್ರೆಯ ಕಡೆ ಮುಖ ತಿರುಗಿಸಿದರು.

ನೂಲಾ ಒಂದೊಂದೇ ತಗ್ಗಿದ ತಲೆಯನ್ನು ನೋಡುತ್ತಾ ಬಂದಳು.

"ಅಯ್ಯೋ ದೇವರೇ," ಎಂದಳು, "ಇಷ್ಟೊಂದು ಜನಾನಾ?"